ಎಂಟನೇ ಕ್ಲಾಸಿನ ಗಲಾಟೆಗೆ ಬೆತ್ತ ಬೇಕಾ?

ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ, ಎಂಟನೇ ಕ್ಲಾಸಿನವರು ಮಾತೇ ಕೇಳಲ್ಲ, ಬೆತ್ತ ಹಿಡಿಯಲೇಬೇಕಾ ಅಂತ ಕೇಳಿದ್ದೀರಿ. ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯುವ ಹಾಗಿಲ್ಲ, ಮಾನಸಿಕ ಹಿಂಸೆಯನ್ನೂ ಕೊಡುವ ಹಾಗಿಲ್ಲ.

ನಾನೂ ಮೊದಲ ವರ್ಷ ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡವನೇ. ನಾನು ಕೂಗಿದಷ್ಟೂ ಅವರ ಗದ್ದಲ ಜಾಸ್ತಿ ಆಗುತ್ತಿತ್ತು. ಒಂದಿನ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಸುಮ್ನೆ ನಿಂತೆ. ಮೊದಲು ಮುಂದಿನ ಬೆಂಚು ತಣ್ಣಗಾಯಿತು, ಆಮೇಲೆ ಹಿಂದಿನದು. ಈಗಲೂ ಅದನ್ನೇ ಮಾಡುತ್ತೇನೆ. (ಪಾಠ ತಯಾರಿ ಮಾಡದೆ ಹೋದ ದಿನ ಮಾತ್ರ ಇದೂ ನಡೆಯಲ್ಲ!)

ಎಲ್ಲರ ಹೆಸರನ್ನೂ ಬೇಗ ಕಲಿಯಿರಿ. ‘ಏಯ್, ಲಾಸ್ಟ್ ಬೆಂಚ್’ ಅನ್ನುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಜಾಸ್ತಿ ತಂಟೆ ಮಾಡುವವನನ್ನು ಬೆಲ್ ಹೊಡೆದ ಮೇಲೆ ಒಬ್ಬನನ್ನೇ ಕರೆದು ಮಾತಾಡಿಸಿ. ಗೆಳೆಯರೆದುರು ಬೈದರೆ ಅವನೇ ಹೀರೋ ಆಗುತ್ತಾನೆ, ಅಲ್ವಾ? ನನ್ನ ಕ್ಲಾಸಿನ ಒಬ್ಬ ಹುಡುಗ ಬೆಳಗ್ಗೆ ಐದಕ್ಕೇ ಎದ್ದು ಮನೆಮನೆಗೆ ಹಾಲು ಹಾಕಿ ಬರುತ್ತಿದ್ದ. ತೂಕಡಿಕೆ ತಡೆಯೋಕೆ ಪಕ್ಕದವನನ್ನು ಕೆಣಕುತ್ತಿದ್ದನಂತೆ. ಅದು ಗೊತ್ತಾದ ಮೇಲೆ ಕಿಟಕಿ ಪಕ್ಕ ಕೂರಿಸಿ, ಬೋರ್ಡ್ ಒರೆಸುವ ಕೆಲಸ ಅವನಿಗೇ ಕೊಟ್ಟೆ.