ಹೊರಗಿನವರಿಂದ ಇವಿ ಕಾರಿನ ರೀಜನ್ ಹೆಚ್ಚಿಸಿಕೊಳ್ಳಬಹುದೇ?

ಸಿಲ್ಕ್ ಬೋರ್ಡ್ ಕಡೆ ದಿನಾ ಬ್ರೇಕ್ ತುಳಿಯುವವರಿಗೆಲ್ಲ ಬರುವ ಯೋಚನೆ ಇದು, ನನಗೂ ಬಂದದ್ದೇ. ರೀಜನ್ ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಮೋಟಾರೇ ಕಾರನ್ನು ನಿಧಾನಿಸಿ ಆ ಶಕ್ತಿಯನ್ನು ಬ್ಯಾಟರಿಗೆ ವಾಪಸ್ ತುಂಬುವುದು. ಜೆ.ಸಿ. ರೋಡಿನಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ ಅದನ್ನು ಜಾಸ್ತಿ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಲೇ ಎಂದು ಕೇಳಿದ್ದೀರಿ. ಬೇಡ. ‘ಕಾರು ನನ್ನದು, ಸಾಫ್ಟ್‌ವೇರೂ ನನ್ನದೇ’ ಅನ್ನುವ ನಿಮ್ಮ ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಕಾರಿನಲ್ಲಿರುವುದು ಒಂದೇ ಸಾಫ್ಟ್‌ವೇರ್ ಅಲ್ಲ. ಬಾಗಿಲ ಲಾಕು, ದೀಪ, ಪರದೆ ಇವೆಲ್ಲ ಮಾಲೀಕರ ಇಷ್ಟಕ್ಕೆ ಬಿಟ್ಟದ್ದಾಗಬೇಕು, ಕಂಪನಿ ಅದನ್ನು ಬೀಗ ಹಾಕಿಡುವುದು ತಪ್ಪು. ಬ್ಯಾಟರಿಯನ್ನು ಕಾಯುವ ಬಿಎಂಎಸ್‌ಗೆ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಮಾತ್ರ ಯಾರೂ ಕೈ ಹಾಕಬಾರದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ಸೆಲ್ಲನ್ನು 3.65 ವೋಲ್ಟ್ ದಾಟಿಸಿ ತುಂಬುತ್ತಾ ಹೋದರೆ ಅದರ ಋಣ ತುದಿಯಾದ ಆನೋಡ್ ಮೇಲೆ ಲಿಥಿಯಂ ಲೋಹ ಕಟ್ಟಿಕೊಂಡು ಒಳಗೇ ಶಾರ್ಟ್ ಆಗಬಹುದು.

ರೀಜನ್ ಇವೆರಡರ ನಡುವಿನದು. ಬ್ಯಾಟರಿ ಎಷ್ಟು ಕರೆಂಟ್ ತೆಗೆದುಕೊಳ್ಳಬಹುದೆಂದು ಹೇಳುವುದು ಬಿಎಂಎಸ್; ನೂರಕ್ಕೆ ನೂರು ಚಾರ್ಜ್ ಮಾಡಿ ಹೊರಟಾಗ ರೀಜನ್ ಸಪ್ಪೆ ಅನಿಸುವುದು ಅದರಿಂದಲೇ, ದೋಷವಲ್ಲ. ಇನ್ನೊಂದು, ಬ್ರೇಕ್ ಲೈಟು. ವಿಶ್ವಸಂಸ್ಥೆಯ ಆರ್13-ಎಚ್ ನಿಯಮದಂತೆ ರೀಜನ್‌ನಿಂದಲೇ ವೇಗ ಸೆಕೆಂಡಿಗೆ 1.3 ಮೀಟರ್/ಸೆಕೆಂಡಿಗಿಂತ ಜೋರಾಗಿ ಇಳಿದರೆ ಪೆಡಲ್ ಮುಟ್ಟದಿದ್ದರೂ ಕೆಂಪು ದೀಪ ಹತ್ತಲೇಬೇಕು. ರೀಜನ್ ಎಷ್ಟು ಜೋರಾಗಿ ಹಿಡಿಯಬೇಕೆನ್ನುವ ಟಾರ್ಕಿನ ಅಂಕಿ ಬದಲಿಸಿದವರು ದೀಪದ ತರ್ಕ ಮರೆತರೆ ಔಟರ್ ರಿಂಗ್ ರೋಡಿನಲ್ಲಿ ಹಿಂದಿನ ಬೈಕಿನವನಿಗೆ ನೀವು ನಿಧಾನಿಸಿದ್ದು ಗೊತ್ತೇ ಆಗುವುದಿಲ್ಲ.

ಆದರೆ ಹೀಗೆ ಸಾಫ್ಟ್‌ವೇರ್ ಬದಲಿಸಲು (ಫ್ಲ್ಯಾಶ್ ಮಾಡಲು) ಹೋಗಿ ಕಾರು ಕೆಟ್ಟು ನಿಲ್ಲುವುದು ಹೆಚ್ಚಾಗಿ ಇದ್ಯಾವುದರಿಂದಲೂ ಅಲ್ಲ, ದೀಪ, ಪರದೆಗಳನ್ನು ನಡೆಸುವ 12 ವೋಲ್ಟಿನ ಪುಟ್ಟ ಬ್ಯಾಟರಿಯಿಂದ. ಇದನ್ನು ಬಿಡಿಸಿ ಹೇಳುತ್ತೇನೆ. ಫ್ಲ್ಯಾಶ್ ಮಾಡುವಾಗ ಸಾಮಾನ್ಯವಾಗಿ ಕಾರು ‘ರೆಡಿ’ ಸ್ಥಿತಿಯಲ್ಲಿ ಇರುವುದಿಲ್ಲ, ಇಗ್ನಿಷನ್ ಮಾತ್ರ ಆನ್. ಆಗ ದೊಡ್ಡ ಬ್ಯಾಟರಿಯಿಂದ ಈ ಪುಟ್ಟದನ್ನು ತುಂಬುವ ಡಿಸಿ-ಡಿಸಿ ಕನ್ವರ್ಟರ್ ಮಲಗಿರುತ್ತದೆ. ಪರದೆ, ಫ್ಯಾನು, ಎಲ್ಲ ಇಸಿಯುಗಳೂ (ಕಾರಿನೊಳಗಿನ ಪುಟ್ಟ ಕಂಪ್ಯೂಟರುಗಳು) ಆ ಚಿಕ್ಕ ಬ್ಯಾಟರಿಯನ್ನೇ ಹೀರುತ್ತವೆ. 12.6 ವೋಲ್ಟ್ ಇದ್ದದ್ದು ಇಳಿಯುತ್ತಾ ಹೋಗಿ ನಡುವೆ ಇಸಿಯು ರೀಸೆಟ್ ಆಗುತ್ತದೆ. ಹಳೆಯ ಪ್ರೋಗ್ರಾಂ ಅಳಿಸಿದ ಮೇಲಷ್ಟೇ ಹೊಸದು ಬರೆಯುವುದು, ಹಾಗಾಗಿ ಅಲ್ಲಿ ಉಳಿಯುವುದು ಅರ್ಧ ಬರೆದದ್ದು. ಹೊಸ ಪ್ರೋಗ್ರಾಂ ಬರೆಸಿಕೊಳ್ಳುವ ಮೂಲ ಭಾಗ, ಅಂದರೆ ಬೂಟ್‌ಲೋಡರ್, ಬದುಕಿದ್ದರೆ ಮತ್ತೆ ಬರೆಯಬಹುದು, ಆದರೆ ಸರಿಯಾದ ಮೂಲ ಫೈಲು ಅಂಗಡಿಯವರ ಬಳಿ ಇರಬೇಕಲ್ಲ! 12 ವೋಲ್ಟ್ ಪೂರ್ತಿ ಕುಸಿದರಂತೂ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚು, ಅಂದರೆ ಹೈವೋಲ್ಟೇಜ್ ಕಾಂಟ್ಯಾಕ್ಟರ್, ಕೂಡಿಕೊಳ್ಳುವುದೇ ಇಲ್ಲ. ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಅಲುಗುವುದಿಲ್ಲ. ಇದಕ್ಕೆ ಬೇಕಾದದ್ದು ಸುಮಾರು 13.5 ವೋಲ್ಟ್ ಸ್ಥಿರವಾಗಿ ಕೊಡುವ, 30 ಆಂಪಿಯರ್‌ಗೂ ಮೇಲಿನ ಪವರ್ ಸಪ್ಲೈ. ಮಾಮೂಲಿ ಬ್ಯಾಟರಿ ಚಾರ್ಜರ್ ಸಾಲದು, ಅದರ ವೋಲ್ಟೇಜ್ ಏರಿಳಿಯುತ್ತದೆ. ಅಂಗಡಿಯವರನ್ನು ಮೊದಲು ಇದನ್ನೇ ಕೇಳಿ, ಉತ್ತರ ತಡವರಿಸಿದರೆ ಎದ್ದು ಬನ್ನಿ.

ಕಂಪನಿಯಿಂದಲೇ ಪಡೆಯುವ ದಾರಿ ಇದೆ. 2022ರಲ್ಲಿ ಟಾಟಾ, ನೆಕ್ಸಾನ್ ಇವಿ ಪ್ರೈಮ್ ತಂದಾಗ ರೀಜನ್ ಹಂತಗಳನ್ನೂ ಕ್ರೂಸ್ ಕಂಟ್ರೋಲನ್ನೂ ಹಳೆಯ ನೆಕ್ಸಾನ್ ಇವಿ ಮಾಲೀಕರಿಗೂ ಸರ್ವಿಸ್ ಸೆಂಟರಿನಲ್ಲಿ ಉಚಿತವಾಗಿ ಹಾಕಿಕೊಟ್ಟಿತು. ಹಾರ್ಡ್‌ವೇರ್ ಅದೇ ಇತ್ತು. ನಿಮ್ಮ ಕಾರಿನ ವಿಸಿಯು (ಇಡೀ ಕಾರನ್ನು ನಿಯಂತ್ರಿಸುವ ಮುಖ್ಯ ಇಸಿಯು), ಬಿಎಂಎಸ್ ವರ್ಷನ್ ನಂಬರ್ ಬರೆದು, ಬಾಕಿ ಇರುವ ಅಪ್‌ಡೇಟ್ ಯಾವುದೆಂದು ಇಮೇಲಿನಲ್ಲೇ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ‘ಇಲ್ಲ ಸರ್’ ಅಂತಲೇ ಬರುತ್ತದೆ. ವರ್ಷನ್ ನೋಡಲು ಓಬಿಡಿ ಡಾಂಗಲ್ (ಕಾರಿನ ತಪಾಸಣೆ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಸಾಧನ) ಹಾಕಿದರೆ ಕೆಲಸವಾದ ಕೂಡಲೇ ಕಿತ್ತುಬಿಡಿ. ಆ ಸಾಕೆಟ್ಟಿನ 16ನೇ ಪಿನ್ನಿನಲ್ಲಿ ಕಾರು ಆಫ್ ಆದರೂ ಕರೆಂಟ್ ಇರುತ್ತದೆ, ಡಾಂಗಲ್ ಅದೇ 12 ವೋಲ್ಟ್ ಬ್ಯಾಟರಿಯನ್ನು ಹೀರುತ್ತಾ ಇರಬಹುದು.