ನಿಮ್ಮ ಪಾಲಿನ 90 ದಿನ

ನಮಸ್ಕಾರ. ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದು ಒಂದೂವರೆ ವರ್ಷವಾಯಿತು, ಹೆಂಡತಿಗೆ ಈಗ ಐದು ತಿಂಗಳು ಅಂತ ಬರೆದಿದ್ದೀರಿ. ಸುದ್ದಿ ಕೇಳಿ ಮ್ಯಾನೇಜರ್, 'ನೀವು ಎಷ್ಟು ತಿಂಗಳು ರಜೆ ಹಾಕ್ತೀರಿ?' ಅಂದರಂತೆ. ಅದನ್ನು ಊರಿಗೆ ಫೋನ್ ಮಾಡಿ ಹೇಳಿದರೆ ನಿಮ್ಮ ತಂದೆ, 'ಯಾಕೆ, ಕೆಲಸ ಹೋಯ್ತಾ?' ಅಂದರಂತೆ. ಇಲ್ಲೇ ನೆಲೆ ನಿಂತರೆ ಸಂಸಾರ ಏನಾಗುತ್ತದೆ, ಮಕ್ಕಳ ಮದುವೆ ಗತಿ ಏನು ಅಂತಲೂ ಕೇಳಿದ್ದೀರಿ. ನಾನು ಅರಸೀಕೆರೆಯವನು. ಇಲ್ಲಿಗೆ ಬಂದಿದ್ದು 2001ರಲ್ಲಿ.

ಮೊದಲು ರಜೆಯ ಮಾತು. ತಗೊಳ್ಳಿ. ಧೈರ್ಯವಾಗಿ ತಗೊಳ್ಳಿ.

ಒಂದು ಮಗುವಿಗೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನ ಸಿಗುತ್ತದೆ. ಅದರಲ್ಲಿ 390 ದಿನಕ್ಕೆ ಸಂಬಳದ ಸುಮಾರು ಶೇ 80ರಷ್ಟು ಹಣ, ಅದಕ್ಕೊಂದು ಮಿತಿ ಉಂಟು. ಉಳಿದ 90 ದಿನಕ್ಕೆ ದಿನಕ್ಕೆ 180 ಕ್ರೋನರ್ (ಇಲ್ಲಿನ ನಾಣ್ಯ) ಅಷ್ಟೇ. ಆ 390ರಲ್ಲಿ 90 ದಿನ ನಿಮಗೇ ಮೀಸಲು. ಹೆಂಡತಿಗೆ ಬಿಟ್ಟುಕೊಡಲೂ ಆಗುವುದಿಲ್ಲ. ಬಿಟ್ಟರೆ ಹೋಯಿತು. ಆಫೀಸಿಗೆ ಎರಡು ತಿಂಗಳು ಮುಂಚೆ ತಿಳಿಸಬೇಕು. ಇಲ್ಲ ಅನ್ನುವ ಹಕ್ಕು ಅವರಿಗಿಲ್ಲ. ನಿಮ್ಮ ಹೆಂಡತಿ ಇಲ್ಲಿ ಇನ್ನೂ ಕೆಲಸಕ್ಕೆ ಸೇರಿಲ್ಲ ಅಂದಿರಿ. ಹಾಗಾದರೆ ಅವರಿಗೆ ಸಿಗುವುದು ದಿನಕ್ಕೆ 250 ಕ್ರೋನರ್. ನಿಮಗೆ ಅದಕ್ಕಿಂತ ತುಂಬಾ ಜಾಸ್ತಿ. ಮೊದಲ 15 ತಿಂಗಳಲ್ಲಿ 60 ದಿನದವರೆಗೆ ಇಬ್ಬರೂ ಒಟ್ಟಿಗೆ ರಜೆ ಹಾಕಬಹುದು. ಬಾಣಂತನಕ್ಕೆ ಅದನ್ನು ಇಟ್ಟುಕೊಳ್ಳಿ. 2024ರ ಜುಲೈಯಿಂದ ನಮ್ಮ ಪಾಲಿನ ಕೆಲವು ದಿನಗಳನ್ನು ಅಜ್ಜಿ ತಾತನಿಗೂ ಕೊಡಬಹುದು. ಆದರೆ ಅವರು ಇಲ್ಲಿನ ಸಾಮಾಜಿಕ ವಿಮೆಯೊಳಗೆ ಇರಬೇಕು. 90 ದಿನದ ವೀಸಾದಲ್ಲಿ ಬರುವ ನಿಮ್ಮ ಅತ್ತೆಗೆ ಅದು ಸಿಗದು.

ಈಗ ನನ್ನ ಕಥೆ. ಮಗ ಹುಟ್ಟಿದ್ದು 2003ರಲ್ಲಿ. ಆಗ ಅಪ್ಪಂದಿರಿಗೆ ಮೀಸಲಿದ್ದದ್ದು 60 ದಿನ. ನಾನು ಒಂದು ದಿನವೂ ತಗೊಳ್ಳಲಿಲ್ಲ. ಹೆರಿಗೆ ಸಮಯಕ್ಕೆಂದು ಅಪ್ಪಂದಿರಿಗೆ ಬೇರೆಯಾಗಿ ಸಿಗುವ ಹತ್ತು ದಿನ ಮುಗಿಸಿ ಆಫೀಸಿಗೆ ಓಡಿದೆ. ಪ್ರಾಜೆಕ್ಟ್ ಮುಖ್ಯ ಅಂತ ಬೆಂಗಳೂರಿನ ಮೇಲಧಿಕಾರಿ ಹೇಳಿದರು, ನಾನೂ ತಲೆಯಾಡಿಸಿದೆ. ಅಮ್ಮ ಬಂದು ಮೂರು ತಿಂಗಳು ಬಾಣಂತನ ಮಾಡಿ ಹೋದರು. ಆಮೇಲೆ ನವೆಂಬರ್ ಬಂತು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಊರಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನ್ನ ಹೆಂಡತಿ, ಭಾಷೆ ಗೊತ್ತಿಲ್ಲದ ಊರಲ್ಲಿ, ನಾಲ್ಕನೇ ಮಹಡಿಯಲ್ಲಿ, ಮಗುವಿನ ಜೊತೆ ಒಬ್ಬಳೇ. ಒಂದು ಸಂಜೆ ನಾನು ಬಂದಾಗ ದೀಪವನ್ನೂ ಹಾಕದೆ ಕೂತಿದ್ದಳು. ಆ ದೃಶ್ಯ ಇವತ್ತಿಗೂ ಮರೆತಿಲ್ಲ. ಇಲ್ಲಿ ನಮ್ಮವರ ಕೆಲವು ಸಂಸಾರ ಮುರಿದದ್ದನ್ನೂ ನೋಡಿದ್ದೇನೆ. ಹೆಚ್ಚಿನವು ಶುರುವಾಗಿದ್ದು ಇಂಥದೇ ಕತ್ತಲಲ್ಲಿ.

ಆಗ ಅವಳಿಗೆ ಆಸರೆಯಾದದ್ದು ಕೆಳಗಿನ ಮನೆಯ ಸ್ವೀಡಿಷ್ ಅಜ್ಜಿ. 1934ರಲ್ಲಿ ಹುಟ್ಟಿದವರು. ಅವರೇ ಒಂದು ದಿನ ನನ್ನನ್ನು ಕೂರಿಸಿ ಹೇಳಿದರು. ಸ್ವೀಡಿಷ್ ಗಂಡಸರು ಹುಟ್ಟಿನಿಂದಲೇ ಮನೆಗೆಲಸ ಮಾಡುವವರು ಅಂದುಕೊಳ್ಳಬೇಡ, ನನ್ನ ಗಂಡ ಹಡಗು ಕಟ್ಟೆಯಿಂದ ಬಂದರೆ ಮೇಜಿನ ಮೇಲೆ ಬಿಸಿ ಊಟ ಇರಬೇಕಿತ್ತು, ಮಕ್ಕಳ ಬಟ್ಟೆಯನ್ನು ಅವನು ಒಂದು ದಿನವೂ ಒಗೆದಿಲ್ಲ ಅಂತ. ಅವರ ಅಮ್ಮನ ಕಾಲ ಇನ್ನೂ ಹಿಂದಿನದು. 1921ಕ್ಕೆ ಮುಂಚೆ ಇಲ್ಲಿ ಮದುವೆಯಾದ ಹೆಣ್ಣು ಕಾನೂನಿನ ಪ್ರಕಾರ ಗಂಡನ ಪಾಲನೆಯಲ್ಲೇ ಇರಬೇಕಿತ್ತು. ಹೆಂಗಸರು ಸಂಸತ್ತಿನ ಚುನಾವಣೆಯಲ್ಲಿ ಮೊದಲ ಸಲ ಓಟು ಹಾಕಿದ್ದೂ ಅದೇ ವರ್ಷ. ಗಂಡ ಹೆಂಡತಿಯ ಆದಾಯ ಕೂಡಿಸಿ ತೆರಿಗೆ ಹಾಕುತ್ತಿದ್ದಾಗ ಹೆಂಗಸರು ದುಡಿದರೂ ಕೈಗೆ ಸಿಗುತ್ತಿದ್ದದ್ದು ಕಡಿಮೆ. 1971ರಲ್ಲಿ ಬೇರೆ ಬೇರೆ ತೆರಿಗೆ ಬಂತು, ಮರು ವರ್ಷವೇ ಅಜ್ಜಿ ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿದರು. 1974ರಲ್ಲಿ ಅಪ್ಪಂದಿರಿಗೂ ರಜೆ ಬಂತು. ಆದರೂ ಯಾರೂ ತಗೊಳ್ಳುತ್ತಿರಲಿಲ್ಲವಂತೆ. ಭಾರ ಎತ್ತುವ ಕ್ರೀಡಾಪಟು ಲೆನ್ನಾರ್ಟ್ ಡಾಲ್‌ಗ್ರೆನ್ ಕೈಗೆ ಮಗು ಕೊಟ್ಟು ಸರ್ಕಾರ ಪೋಸ್ಟರ್ ಅಂಟಿಸಿತು. ಅಂಥ ಗಟ್ಟಿ ತೋಳಿನವನೇ ಎತ್ತಿಕೊಂಡರೆ ಉಳಿದವರಿಗೇನು ನಾಚಿಕೆ ಅಂತ. ಅದೂ ಸಾಲದೆ 1995ರಲ್ಲಿ ಒಂದು ತಿಂಗಳು ಮೀಸಲಿಟ್ಟರು, 2002ರಲ್ಲಿ ಎರಡು, 2016ರಲ್ಲಿ ಮೂರು. ಅಂದರೆ ಇವರನ್ನೂ ತಳ್ಳಬೇಕಾಯಿತು, ಅಲ್ವಾ?

ಮಗಳು ಹುಟ್ಟಿದ್ದು 2007ರ ಜನವರಿಯಲ್ಲಿ. ಈ ಸಲ ನಾನು ಏಳು ತಿಂಗಳು ಮನೆಯಲ್ಲಿದ್ದೆ. ಹೆಂಡತಿ ಭಾಷೆ ಕಲಿತು ಶಾಲೆಯಲ್ಲಿ ಕೆಲಸ ಶುರು ಮಾಡಿದಳು. ಮೊದಲ ಎರಡು ವಾರ ಮಗಳು ನನ್ನ ಕೈಯಲ್ಲಿ ನಿದ್ದೆಯನ್ನೇ ಮಾಡಲಿಲ್ಲ. ಗಂಜಿ ಎಷ್ಟು ತೆಳ್ಳಗಿರಬೇಕು, ಯಾವ ಅಳು ಹಸಿವಿನದು, ಯಾವುದು ಹೊಟ್ಟೆನೋವಿನದು, ಒಂದೂ ಗೊತ್ತಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಇಲ್ಲದಿದ್ದಾಗಲೇ ಇವೆಲ್ಲ ತಿಳಿದದ್ದು. ಅದಕ್ಕೇ ಹೇಳುತ್ತೇನೆ, ಒಟ್ಟಿಗೆ ರಜೆ ಹಾಕಿದ್ದು ಸಾಲದು, ಒಬ್ಬರೇ ಮಗುವಿನ ಜೊತೆ ಕೆಲವು ತಿಂಗಳು ಇರಿ.

ಆ ಜೂನ್‌ನಲ್ಲಿ ಅಪ್ಪ ಅಮ್ಮ ಬಂದಿದ್ದರು. ನಾನು ಡೈಪರ್ ಬದಲಿಸಲು ಕೂತರೆ ಅಪ್ಪ ಎದ್ದು ಬಾಲ್ಕನಿಗೆ ಹೋಗುತ್ತಿದ್ದರು. ನನ್ನ ಅಪ್ಪನ ಕಾಲದಲ್ಲಿ ಹಿರಿಯರ ಮುಂದೆ ತನ್ನ ಮಗುವನ್ನು ತಾನು ಎತ್ತಿಕೊಳ್ಳುವ ಹಾಗಿರಲಿಲ್ಲ. ನಿಮ್ಮ ಅಜ್ಜನ ಮನೆಯಲ್ಲೂ ಹಾಗೇ ಇದ್ದಿರಬೇಕು. ಒಂದು ಮಧ್ಯಾಹ್ನ ನಾನು ಸ್ನಾನಕ್ಕೆ ಹೋದಾಗ ಮಗಳು ಎದ್ದು ಅತ್ತಳು. ಅಮ್ಮ ಕೆಳಗೆ ಅಜ್ಜಿಯ ಮನೆಯಲ್ಲಿದ್ದರು. ನಾನು ಹೊರಗೆ ಬಂದು ನೋಡಿದರೆ ಅಪ್ಪ ಅವಳನ್ನು ಎದೆಗೆ ಒರಗಿಸಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಾರೆ. ಟ್ರಾಮ್ ತೋರಿಸುತ್ತಿದ್ದಾರೆ. ನನ್ನ ಕಡೆ ತಿರುಗದೇ, 'ನಿನ್ನನ್ನ ಎತ್ಕೊಳ್ಳೋಕೆ ನಮ್ಮಪ್ಪ ಬಿಡ್ತಿರಲಿಲ್ಲ ಕಣೋ' ಅಂದರು. ಮರುದಿನದಿಂದ ಗಂಜಿ ತಿನ್ನಿಸುವ ಕೆಲಸ ಅವರದಾಯಿತು. ನಿಮ್ಮ ತಂದೆಯ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ಮಗು ಹುಟ್ಟಿದ ಮೇಲೆ ಅವರನ್ನು ಕರೆಸಿಕೊಳ್ಳಿ.

ಮಕ್ಕಳ ಮದುವೆ ವಿಷಯ. ಇಲ್ಲಿನ ಶಾಲೆಯಲ್ಲಿ ಹುಡುಗ ಹುಡುಗಿ ಎಲ್ಲರಿಗೂ ಹೊಲಿಗೆ, ಮರಗೆಲಸ, ಅಡುಗೆ ಕಡ್ಡಾಯ ಪಾಠ. ಹಾಗೆ ಬೆಳೆದ ಮಕ್ಕಳು ನಮ್ಮನ್ನು ಪ್ರಶ್ನೆ ಕೇಳುತ್ತಾರೆ. ಮಗಳು ಒಂಬತ್ತು ವರ್ಷದವಳಿದ್ದಾಗ ನಮ್ಮ ಯುಗಾದಿ ಊಟದಲ್ಲಿ, 'ಆಂಟಿಗಳು ಮಾತ್ರ ಯಾಕೆ ಬಡಿಸ್ತಾರೆ?' ಅಂತ ಎಲ್ಲರೆದುರು ಕೇಳಿಬಿಟ್ಟಳು. ಮುಂದಿನ ವರ್ಷದಿಂದ ಹೋಳಿಗೆ ಬೇಯಿಸುವುದು ಗಂಡಸರು.

ಮಗ ಎರಡು ವರ್ಷದ ಹಿಂದೆ ಒಬ್ಬ ಸ್ವೀಡಿಷ್ ಹುಡುಗಿಯ ಜೊತೆ ಮನೆ ಮಾಡಿದ. ಮದುವೆಯಾಗಿಲ್ಲ. ಇಲ್ಲಿ ಇದಕ್ಕೆ 'ಸಾಂಬೊ' ಅನ್ನುತ್ತಾರೆ, ಕೂಡಿ ಬಾಳುವವರು ಅಂತ. ಅದಕ್ಕೇ ಒಂದು ಕಾನೂನೂ ಇದೆ. ಬೇರೆಯಾದರೆ ಒಟ್ಟಿಗೆ ಬಾಳಲೆಂದು ಕೊಂಡ ಮನೆ, ಸಾಮಾನು ಇಬ್ಬರಿಗೂ ಸಮಪಾಲು. ಆದರೆ ಒಬ್ಬರು ತೀರಿಕೊಂಡರೆ ಉಯಿಲು ಇಲ್ಲದೆ ಇನ್ನೊಬ್ಬರಿಗೆ ವಾರಸುದಾರಿಕೆ ಬರುವುದಿಲ್ಲ. ಈ ಮಾತನ್ನು ಅವರಿಬ್ಬರಿಗೂ ಕೂರಿಸಿ ಹೇಳಿದ್ದೇನೆ. ಸುಳ್ಳು ಹೇಳುವುದಿಲ್ಲ, ಸುದ್ದಿ ತಿಳಿದ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಾಳಿ ಕಟ್ಟುವುದನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಈಗಲೂ ಇದೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸುಮಾರು ಹೊತ್ತು ಸುಮ್ನಿದ್ದರು. ಆಮೇಲೆ, 'ಅಡುಗೆ ಯಾರು ಮಾಡ್ತಾರೆ?' ಅಂದರು. ಅವನೇ ಜಾಸ್ತಿ ಅಂದೆ. 'ಸದ್ಯ, ಹುಡುಗಿ ಪುಣ್ಯ ಮಾಡಿದ್ದಾಳೆ' ಅಂದರು. ನೆಂಟರಿಗೆ ಅಮ್ಮ ಇನ್ನೂ ಹೇಳಿಲ್ಲ. ಅವರ ವಯಸ್ಸಿಗೆ ಅಷ್ಟು ಸಾಕು ಅಂತ ನನಗೆ ಅನಿಸುತ್ತದೆ.

ಹೆರಿಗೆ ತಾರೀಖು ತಿಳಿಸಿ. ನಮ್ಮ ಅಟ್ಟದಲ್ಲಿ ಒಳ್ಳೆಯ ತಳ್ಳುಗಾಡಿ ಇದೆ, ಇಲ್ಲಿನ ಚಳಿಗೆ ದೊಡ್ಡ ಚಕ್ರದ್ದೇ ಬೇಕು. ಅಂಟಿನುಂಡೆಯನ್ನು ನಾನೇ ಕಟ್ಟಿ ತರುತ್ತೇನೆ. ಬೆಲ್ಲದ ಪಾಕದ ಹದವನ್ನು ಅಮ್ಮ ಫೋನಿನಲ್ಲೇ ಕಲಿಸಿದ್ದಾರೆ.