ಮೇ ತಿಂಗಳಲ್ಲಿ ಟೂಸಾನ್‌ಗೆ ಬಂದರೆ ಮೂರು ದಿನದಲ್ಲಿ ಏನು ನೋಡಬಹುದು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮೇ ಮಧ್ಯದಲ್ಲಿ ಮಗಳ ಘಟಿಕೋತ್ಸವಕ್ಕೆಂದು ಅರಿಜೋನಾದ ಟೂಸಾನ್‌ಗೆ ಬರುತ್ತಿದ್ದೀರಿ, ಸಮಾರಂಭದ ಆಚೀಚೆ ಮೂರು ದಿನ ಬಿಡುವಿದೆ, ಮರುಭೂಮಿ ಊರಿನಲ್ಲಿ ನೋಡೋಕೆ ಏನಿರುತ್ತೆ, ಅದರ ಬದಲು ಗ್ರ್ಯಾಂಡ್ ಕ್ಯಾನಿಯನ್‌ಗೇ ಹೋಗಿಬಂದರೆ ಹೇಗೆ?

ಹೋಗಬೇಡಿ. ಇಲ್ಲಿಂದ ಅದು ಹತ್ತಿರ ಹತ್ತಿರ 550 ಕಿ.ಮೀ. ಮೂರು ದಿನದಲ್ಲಿ ಎರಡು ಕಾರಿನೊಳಗೇ ಕಳೆದುಹೋಗುತ್ತವೆ. ಅದಕ್ಕೆ ಬೇರೆಯದೇ ರಜೆ ಇಟ್ಟುಕೊಂಡು ಬನ್ನಿ.

ನಾನು ಕೊಪ್ಪಳದ ಕಡೆಯವನು, ಕೆಲಸಕ್ಕೆಂದು ಬಂದು ಇಲ್ಲೇ ಉಳಿದವನು. ಟೂಸಾನ್ ನೋಡುವುದಕ್ಕೆ ಜಾಗದ ಪಟ್ಟಿಗಿಂತ ಗಡಿಯಾರ ಮುಖ್ಯ. ಮೇ ಮಧ್ಯದಲ್ಲಿ ಮಧ್ಯಾಹ್ನ 35-38 ಡಿಗ್ರಿ ಮಾಮೂಲು. ಆದರೆ ಬೆಳಗ್ಗೆ ಐದೂವರೆಗೆಲ್ಲ ಬೆಳಕಾಗಿರುತ್ತದೆ, ಗಾಳಿ ತಣ್ಣಗಿರುತ್ತದೆ. ಹೊರಗೆ ಓಡಾಡುವುದನ್ನೆಲ್ಲ ಬೆಳಗ್ಗೆ ಹತ್ತರೊಳಗೆ ಮುಗಿಸಿ, ಮತ್ತೆ ಸಂಜೆ ಆರಕ್ಕೆ ಹೊರಡಿ. ನಡುವೆ ಊಟ, ನಿದ್ದೆ, ಎ.ಸಿ. ಭಾರತಕ್ಕೂ ಇಲ್ಲಿಗೂ ವರ್ಷಪೂರ್ತಿ ಹನ್ನೆರಡೂವರೆ ಗಂಟೆಯ ಅಂತರ (ಅರಿಜೋನಾದ ಬಹುಭಾಗದಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ). ಹಾಗಾಗಿ ಜೆಟ್ ಲ್ಯಾಗ್‌ನಲ್ಲಿ ನಿಮಗೆ ನಸುಕಿನ ನಾಲ್ಕಕ್ಕೇ ಎಚ್ಚರವಾದರೂ ಆಶ್ಚರ್ಯವಿಲ್ಲ. ಮತ್ತೆ ಮಲಗಲು ಒದ್ದಾಡಬೇಡಿ, ಎದ್ದು ಹೊರಡಿ.

ಹೊರಡುವುದು ಎಲ್ಲಿಗೆ ಅಂದರೆ, ಮೊದಲು ಸಗ್ವಾರೊ ರಾಷ್ಟ್ರೀಯ ಉದ್ಯಾನಕ್ಕೆ. ಮರುಭೂಮಿ ಅಂದಕೂಡಲೇ ರಾಜಸ್ಥಾನದ ಮರಳ ದಿಬ್ಬ ನೆನಪಾಗುತ್ತದಲ್ಲ, ಸೊನೋರನ್ ಮರುಭೂಮಿ ಹಾಗಿಲ್ಲ. ಚಳಿಗಾಲದಲ್ಲೊಂದು, ಬೇಸಿಗೆಯ ಕೊನೆಗೊಂದು ಮಳೆ ಬರುವುದರಿಂದ ಗುಡ್ಡದ ತುಂಬ ಗಿಡ. ಎಲ್ಲದರ ನಡುವೆ ಕೈಯೆತ್ತಿ ನಿಂತದ್ದು ಸಗ್ವಾರೊ ಕಳ್ಳಿ. ನಲವತ್ತು ಅಡಿ ಎತ್ತರದವೂ ಇವೆ, ನೀರು ಕುಡಿದು ತುಂಬಿಕೊಂಡ ದೊಡ್ಡದೊಂದು ಆರು ಟನ್ ತೂಗಬಲ್ಲದು. ಆದರೆ ಹುಟ್ಟಿದ ಮೊದಲ ಎಂಟು ವರ್ಷದಲ್ಲಿ ಅದು ಬೆಳೆಯುವುದು ಒಂದೋ ಒಂದೂವರೆಯೋ ಇಂಚು! ಮೊದಲ ಕೈ ಮೂಡಬೇಕಾದರೆ ಐವತ್ತರಿಂದ ಎಪ್ಪತ್ತು ವರ್ಷ, ಒಣ ಜಾಗದಲ್ಲಿ ಇನ್ನೂ ತಡ. ಹಾಗಾಗಿ ಎರಡು ಕೈ ಇರುವುದೊಂದು ಕಂಡರೆ ಅದು ನಿಮ್ಮ ಅಜ್ಜನ ಕಾಲದ್ದು ಅಂದುಕೊಳ್ಳಿ.

ನೀವು ಬರುವ ಹೊತ್ತಿಗೆ ಅದು ಹೂ ಬಿಟ್ಟಿರುತ್ತದೆ. ಎಷ್ಟೋ ಪ್ರವಾಸಿಗರು ಇದನ್ನು ಗಮನಿಸದೆ ಹೋಗುತ್ತಾರೆ, ಯಾಕೆಂದರೆ ಹೂ ಇರುವುದು ನೆತ್ತಿಯಲ್ಲಿ. ಕೈಗಳು ಕೆಳಕ್ಕೆ ಬಾಗಿದ ಗಿಡ ಹುಡುಕಿ, ಆಗ ಕಣ್ಣಳತೆಗೇ ಸಿಗುತ್ತದೆ: ಮೇಣದ ಹಾಗೆ ದಪ್ಪ ಬಿಳಿ ಎಸಳು, ನಡುವೆ ಒತ್ತೊತ್ತಾಗಿ ಹಳದಿ ಕೇಸರ. ರಾತ್ರಿ ಅರಳಿದ್ದು ಮರುದಿನ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ರಾತ್ರಿ ಬಾವಲಿ, ಬೆಳಗ್ಗೆ ಜೇನು ಮತ್ತು ಪಾರಿವಾಳದ ಜಾತಿಯ ಹಕ್ಕಿ. ಕಾಂಡದಲ್ಲಿ ತೂತುಗಳು ಕಂಡರೆ ಅವು ಮರಕುಟಿಗನ ಕೆಲಸ. ಗಾಯದ ಸುತ್ತ ಕಳ್ಳಿ ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಗಿಡ ಸತ್ತು ಕೊಳೆತರೂ ಆ ಚಿಪ್ಪು ಮಾತ್ರ ಹಾಗೇ ನೆಲದ ಮೇಲೆ ಬಿದ್ದಿರುತ್ತದೆ. ಮರಕುಟಿಗ ಬಿಟ್ಟುಹೋದ ತೂತಿಗೆ ಪುಟ್ಟ ಗೂಬೆ ಬಾಡಿಗೆಗೆ ಬರುತ್ತದೆ.

ಉದ್ಯಾನ ಊರಿನ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು, ಎರಡು ತುಂಡಾಗಿದೆ. ಒಂದೇ ನೋಡುವುದಾದರೆ ಪಶ್ಚಿಮದ್ದು, ಕಳ್ಳಿ ಅಲ್ಲಿ ದಟ್ಟ. ಅದರ ಪಕ್ಕದಲ್ಲೇ 1952ರಲ್ಲಿ ಶುರುವಾದ ಅರಿಜೋನಾ-ಸೊನೋರಾ ಮರುಭೂಮಿ ಮ್ಯೂಸಿಯಂ ಇದೆ. ಹೆಸರಿಗೆ ಮ್ಯೂಸಿಯಂ, ಬಹುಪಾಲು ಬಯಲಲ್ಲೇ ನಡೆಯುವುದು. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹಮ್ಮಿಂಗ್‌ಬರ್ಡ್ ಇರುವ ಬಲೆಮನೆ ಬಿಡಬೇಡಿ. ದಾರಿಯಲ್ಲಿ ಸಿಗುವ ಗೇಟ್ಸ್ ಪಾಸ್‌ಗೆ ಇನ್ನೊಂದು ದಿನ ಸಂಜೆ ಹೋಗಿ. ಸೂರ್ಯ ಮುಳುಗುವುದನ್ನು ನೋಡಲು ಊರೇ ಅಲ್ಲಿಗೆ ಹೊರಡುತ್ತದೆ, ಅರ್ಧ ಗಂಟೆ ಮೊದಲೇ ಹೋಗದಿದ್ದರೆ ಪಾರ್ಕಿಂಗ್ ಸಿಗುವುದಿಲ್ಲ. ಒಂದು ಎಚ್ಚರ: ಮೈಮೇಲೆ ತುಪ್ಪಳ ಇದ್ದಂತೆ ಕಾಣುವ ಚೋಯಾ ಕಳ್ಳಿಯ ಹತ್ತಿರ ಹೋಗಬೇಡಿ. ಸ್ವಲ್ಪ ತಾಗಿದರೆ ಸಾಕು, ತುಂಡೇ ಕಿತ್ತು ಬಟ್ಟೆಗೆ ಅಂಟುತ್ತದೆ. ಕೈಯಿಂದ ಕೀಳಲು ಹೋದರೆ ಬೆರಳಿಗೂ ಚುಚ್ಚುತ್ತದೆ. ಇಲ್ಲಿನವರು ಜೇಬಲ್ಲಿ ಬಾಚಣಿಗೆ ಇಟ್ಟುಕೊಂಡಿರುತ್ತಾರೆ, ಅದರ ಹಲ್ಲು ತೂರಿಸಿ ಎಗರಿಸಿಬಿಡುವುದು.

ಬಯಲುಸೀಮೆಯವರಿಗೆ ಇನ್ನೊಂದು ಮೋಜು ಕಾದಿದೆ. ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿ, ಕಡಿದಷ್ಟೂ ಚಿಗುರುವ ಬಳ್ಳಾರಿ ಜಾಲಿ, ಎರಡೂ ಈ ಅಮೆರಿಕ ಖಂಡಗಳಿಂದಲೇ ಬಂದವು. ಇಲ್ಲಿನ ಮೆಸ್ಕೀಟ್ ಮರ ಬಳ್ಳಾರಿ ಜಾಲಿಯ ದಾಯಾದಿ. ನಾವು ಶಾಪ ಹಾಕುವ ಆ ಕುಲದ ಕಾಯಿಯನ್ನು ಇಲ್ಲಿ ಒಣಗಿಸಿ ಬೀಸಿ ಹಿಟ್ಟು ಮಾಡಿ ಮಾರುತ್ತಾರೆ! ಸಣ್ಣಗೆ ಸಿಹಿಯಿರುತ್ತದೆ. ಒಂದು ಪೊಟ್ಟಣ ಊರಿಗೆ ಒಯ್ದು ತೋರಿಸಿ, ಯಾರೂ ನಂಬುವುದಿಲ್ಲ.

ಎರಡನೇ ದಿನಕ್ಕೆ ಊರಿಂದ ದಕ್ಷಿಣಕ್ಕೆ ಹದಿನೈದು ಕಿ.ಮೀ. ದೂರದ ಸ್ಯಾನ್ ಝೇವಿಯರ್ ಚರ್ಚ್. 1692ರಲ್ಲಿ ಕೀನೋ ಎಂಬ ಜೆಸ್ಯುಯಿಟ್ ಪಾದ್ರಿ ಸ್ಥಾಪಿಸಿದ ಮಿಷನ್ ಇದು, ಈಗ ಕಾಣುವ ಬಿಳಿ ಕಟ್ಟಡ ಮುಗಿದದ್ದು 1797ರಲ್ಲಿ. ಎರಡು ಗೋಪುರದಲ್ಲಿ ಒಂದಕ್ಕೆ ಗುಮ್ಮಟವೇ ಇಲ್ಲ, ಅಂದು ಅರ್ಧಕ್ಕೆ ನಿಂತದ್ದು ಇಂದಿಗೂ ಹಾಗೇ ಇದೆ. ಇರುವುದು ತೊಹೊನೊ ಓಧಮ್ ಮೂಲನಿವಾಸಿಗಳ ನೆಲದಲ್ಲಿ, ಕಟ್ಟಿದ್ದೂ ಅವರದೇ ಬೆವರು, ಈಗಲೂ ಅವರ ಪೂಜೆ ನಡೆಯುವ ಜಾಗ. ಒಳಗೆ ಒಂದು ಬದಿಯಲ್ಲಿ ಸಂತ ಝೇವಿಯರ್‌ನ ಮಲಗಿದ ಮರದ ಮೂರ್ತಿ ಇದೆ. ಹೌದು, ಗೋವಾದಲ್ಲಿ ಯಾರ ದೇಹವನ್ನು ಇಟ್ಟಿದ್ದಾರೋ ಅದೇ ಸಂತ. ಭಕ್ತರು ಸಾಲಾಗಿ ಬಂದು ಆ ಮೂರ್ತಿಯ ತಲೆಯನ್ನು ಮೆಲ್ಲಗೆ ಎತ್ತಿ ಮುತ್ತಿಟ್ಟು ಹೋಗುತ್ತಾರೆ. ಹೊದಿಸಿದ ಬಟ್ಟೆಗೆ ಪಿನ್ ಚುಚ್ಚಿ ಪುಟ್ಟ ಪುಟ್ಟ ಲೋಹದ ಕೈ, ಕಾಲು, ಹೃದಯ, ಕಣ್ಣು ಸಿಕ್ಕಿಸಿರುತ್ತಾರೆ. ಹರಕೆ ಹೊತ್ತು ದೇವರಿಗೆ ಬೆಳ್ಳಿ ಕಣ್ಣು ಒಪ್ಪಿಸಿದವರಿಗೆ ಅಲ್ಲಿ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಹೊರಗೋಡೆಯನ್ನೂ ಮುಟ್ಟಿ ನೋಡಿ. ಹಿಂದೊಮ್ಮೆ ಸಿಮೆಂಟ್ ಬಳಿದು, ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಹಾಳಾಗತೊಡಗಿತ್ತು. ಆಮೇಲೆ ಅದನ್ನು ಕಿತ್ತು ಹಳೇ ಪದ್ಧತಿಯ ಸುಣ್ಣದ ಗಾರೆಗೆ ಮರಳಿದರು, ಅದರಲ್ಲಿ ಪಾಪಾಸುಕಳ್ಳಿಯ ಲೋಳೆ ಬೆರೆಸುತ್ತಾರೆ. ಬೆಲ್ಲ, ಅಳಲೆಕಾಯಿ ಹಾಕಿ ಗಾರೆ ಅರೆಯುತ್ತಿದ್ದ ನಮ್ಮ ಹಳೇ ಮೇಸ್ತ್ರಿಗಳಿಗೆ ಖುಷಿಯಾಗುತ್ತಿತ್ತು. ಅಂಗಳದಲ್ಲಿ ಭತೂರೆಯಂತೆ ಉಬ್ಬಿದ ಫ್ರೈ ಬ್ರೆಡ್ ಮಾರುತ್ತಾರೆ. ಶಾಕಾಹಾರಿಗಳಾದರೆ ಯಾವುದರಲ್ಲಿ ಕರಿದದ್ದು ಅಂತ ಕೇಳಿಯೇ ತಗೊಳ್ಳಿ.

ಮೂರನೇ ದಿನ ಮೌಂಟ್ ಲೆಮ್ಮನ್. ಊರು 730 ಮೀಟರ್ ಎತ್ತರದಲ್ಲಿದೆ, ಶಿಖರ 2,791 ಮೀಟರ್, ಅಂದರೆ ಮುಳ್ಳಯ್ಯನಗಿರಿಗಿಂತ 850 ಮೀಟರ್‌ಗೂ ಹೆಚ್ಚು. ಒಂದು ಗಂಟೆಯ ಘಾಟಿಯಲ್ಲಿ ಕಳ್ಳಿ ಮುಗಿದು ಹುಲ್ಲು, ಓಕ್, ಆಮೇಲೆ ಪೈನ್ ಕಾಡು. ಮೇಲೆ ಕೆಳಗಿಗಿಂತ ಸುಮಾರು 15 ಡಿಗ್ರಿ ತಂಪು, ಹಾಗಾಗಿ ಗಡಿಯಾರದ ನಿಯಮ ಈ ಒಂದು ದಿನಕ್ಕಿಲ್ಲ, ಮಧ್ಯಾಹ್ನವೇ ಹೋಗಬಹುದು. ಪೆಟ್ರೋಲ್ ಕೆಳಗೇ ತುಂಬಿಸಿಕೊಳ್ಳಿ, ಒಂದು ಸ್ವೆಟರ್ ಇರಲಿ. ಮೇಲಿನ ಸಮ್ಮರ್‌ಹೇವನ್ ಹಳ್ಳಿಯ ಬಹುಭಾಗ 2003ರ ಕಾಡ್ಗಿಚ್ಚಿನಲ್ಲಿ ಸುಟ್ಟು ಮತ್ತೆ ಕಟ್ಟಿದ್ದು.

ಈ ಘಾಟಿ ರಸ್ತೆ ಕಡಿದವರು ಕೈದಿಗಳು. ಅವರ ಶಿಬಿರವಿದ್ದ ಜಾಗಕ್ಕೆ ಈಗ ಗಾರ್ಡನ್ ಹಿರಬಾಯಾಶಿ ಹೆಸರಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಮನೆ ಬಿಡಿಸಿ ಶಿಬಿರಕ್ಕೆ ತಳ್ಳುವ ಆಜ್ಞೆಯನ್ನು ಧಿಕ್ಕರಿಸಿದ ವಿದ್ಯಾರ್ಥಿ ಅವರು. 1943ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ಕೊಟ್ಟಿತು. ಜೈಲಿಗೆ ಕಳಿಸಲು ಸರ್ಕಾರ ಪ್ರಯಾಣದ ಖರ್ಚು ಕೊಡಲಿಲ್ಲವೆಂದು ಕಂಡಕಂಡ ಗಾಡಿಗೆ ಕೈ ತೋರಿಸುತ್ತಾ ತಾವೇ ಇಲ್ಲಿಗೆ ಬಂದರು. ಬಂದರೆ ಕಚೇರಿಯಲ್ಲಿ ಅವರ ಕಾಗದಪತ್ರವೇ ಇಲ್ಲ! ಸಿನಿಮಾ ನೋಡಿಕೊಂಡು ಬಾ, ಅಷ್ಟರಲ್ಲಿ ಹುಡುಕಿರುತ್ತೇವೆ ಅಂದರಂತೆ. ಶಿಕ್ಷೆ ರದ್ದಾದದ್ದು 1987ರಲ್ಲಿ. ಫಲಕಗಳಿವೆ, ಹತ್ತು ನಿಮಿಷ ನಿಲ್ಲಿಸಿ ಓದಿ.

ಬೆಳಗ್ಗೆ ಒಂದು ಹೊತ್ತು ಉಳಿದರೆ ಪೀಮಾ ವಿಮಾನ ಮ್ಯೂಸಿಯಂ. ಒಣ ಹವೆಗೆ ತುಕ್ಕು ಹಿಡಿಯುವುದಿಲ್ಲ, ನೆಲವೂ ಗಟ್ಟಿ ಎಂದು ಅಮೆರಿಕದ ಸೇನೆ ತನ್ನ ಹಳೇ ವಿಮಾನಗಳನ್ನೆಲ್ಲ ಈ ಊರಲ್ಲೇ ನಿಲ್ಲಿಸುತ್ತದೆ. ಕೋಲ್ಬ್ ರಸ್ತೆಯಲ್ಲಿ ಹೋದರೆ ಬೇಲಿಯಾಚೆ ಸಾಲುಸಾಲು ಕಾಣುತ್ತವೆ. ಮ್ಯೂಸಿಯಂನಲ್ಲಿ ಬಿ-24 ಲಿಬರೇಟರ್ ಎಲ್ಲಿದೆ ಅಂತ ಕೇಳಿ. ಅದು ನಮ್ಮ ವಾಯುಪಡೆಯಲ್ಲಿ ಇದ್ದದ್ದು, 1969ರಲ್ಲಿ ಭಾರತದಿಂದ ಇಲ್ಲಿಗೆ ಹಾರಿಸಿಕೊಂಡು ತಂದರು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಇಂಥ ಲಿಬರೇಟರ್‌ಗಳನ್ನು ರಿಪೇರಿ ಮಾಡಿ ಮತ್ತೆ ಹಾರಿಸಿದ್ದು ಬೆಂಗಳೂರಿನ ಎಚ್‌ಎಎಲ್. ನಿಮ್ಮ ಮನೆಯಲ್ಲಿ ಎಚ್‌ಎಎಲ್‌ನಲ್ಲಿ ದುಡಿದವರು ಯಾರಾದರೂ ಇದ್ದರೆ ಅದರ ಮುಂದೆ ಒಂದು ಫೋಟೊ ಕಡ್ಡಾಯ.

ಇನ್ನು ಬಿಡಬಹುದಾದವು. ಓಲ್ಡ್ ಟೂಸಾನ್ ಅಂತ 1939ರಲ್ಲಿ ಸಿನಿಮಾಕ್ಕಾಗಿ ಹಾಕಿದ ಸೆಟ್ಟು ಇದೆ, ಕೌಬಾಯ್ ವೇಷದ ಜಾಗ. ಟೂಂಬ್‌ಸ್ಟೋನ್ ಅಂತ ನೂರು ಕಿ.ಮೀ. ಆಚೆ 1881ರ ಗುಂಡಿನ ಕಾಳಗದ ಊರು ಇದೆ, ದಿನವೂ ಅದನ್ನೇ ನಾಟಕ ಆಡಿ ತೋರಿಸಿ ದುಡ್ಡು ತಗೊಳ್ಳುತ್ತಾರೆ. ಮಗಳು ಹಠ ಹಿಡಿದರೆ ಮಾತ್ರ ಹೋಗಿ.